ಅರ್ಧ ಟ್ಯಾಂಕಿನ ಮಿಸ್ಸಿಂಗ್

ನಮ್ಮ ಕಾರು ಏರು ಹತ್ತುವಾಗ ಮಿಸ್ಸಿಂಗ್ ಮಾಡುತ್ತಿತ್ತು, ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪಿ ತೊದಲುತ್ತಿತ್ತು. ಅದೂ ಟ್ಯಾಂಕಿನಲ್ಲಿ ಡೀಸೆಲ್ ಅರ್ಧಕ್ಕಿಂತ ಕೆಳಗೆ ಇಳಿದಾಗ ಮಾತ್ರ. ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿಯನ್ನು ಹುಡುಕಿ ತೆಗೆಯುವುದಕ್ಕೆ ಒಂದು ಇಡೀ ಮಳೆಗಾಲ ಹಿಡಿಯಿತು. ಮಾತಿನ ಮೊದಲರ್ಧ ಎಲ್ಲರಿಗೂ ಗೊತ್ತಿತ್ತು. ಉಳಿದರ್ಧವನ್ನು ಯಾರೂ ವಿಚಾರಿಸಿರಲಿಲ್ಲ. ಕೆಟ್ಟ ಯಂತ್ರದ ಮುಂದೆ ನಿಂತವರ ಬಾಯಿಗೆ ಮೊದಲು ಬರುವುದು ‘ಏನು ಕೆಟ್ಟಿದೆ’ ಎಂಬ ಪ್ರಶ್ನೆ. ಬಂದು ಹೋಗುವ ತೊಂದರೆಗೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಅಲ್ಲಿ ಕೇಳಬೇಕಾದದ್ದು ‘ಯಾವಾಗ’ ಎಂದು. ಅದಕ್ಕಿಂತಲೂ ಹೆಚ್ಚಾಗಿ ‘ಯಾವಾಗ ಇರುವುದಿಲ್ಲ’ ಎಂದು. ಈ ಬರಹ ಆ ಕೊನೆಯ ಪ್ರಶ್ನೆಯ ಕುರಿತು.

ಕಾರು 2003ರ ಮಾಡೆಲಿನದು. ಕೆಎಲ್ 14, ಅಂದರೆ ಕೇರಳದ ಕಾಸರಗೋಡಿನ ನಂಬರು, 1.4 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್. ಟರ್ಬೊ ಇಲ್ಲ. ಎಂಜಿನ್ನಿನ ಮೇಲೆ ಕಣ್ಣಿಡುವ ಕಂಪ್ಯೂಟರ್ ಇಲ್ಲ, ಆದ್ದರಿಂದ ವಯರು ಸಿಕ್ಕಿಸಿ ತೊಂದರೆಯ ಕೋಡ್ ಓದಿ ಹೇಳುವವರೂ ಇಲ್ಲ. ನಾನು ಅದನ್ನು ಕೊರತೆಯೆಂದು ತಿಳಿದಿಲ್ಲ. ಹದಿನೇಳರ ಸ್ಪ್ಯಾನರ್, ಒಂದು ಮಲ್ಟಿಮೀಟರ್, ಗಮನವಿಟ್ಟು ಕೇಳುವ ಕಿವಿ ಇದ್ದರೆ ಇಂಥ ಎಂಜಿನ್ನಿನ ಹೆಚ್ಚಿನ ಕಾಯಿಲೆಗಳನ್ನು ಮನೆಯಂಗಳದಲ್ಲೇ ಪತ್ತೆ ಮಾಡಬಹುದು. ಹದಿನೈದು ವರ್ಷ ಕಳೆದ ಮೇಲೂ ರಿಜಿಸ್ಟ್ರೇಷನ್ ನವೀಕರಿಸಿ, ಹಸಿರು ತೆರಿಗೆ ಕಟ್ಟಿ ಇದನ್ನು ಇಟ್ಟುಕೊಂಡಿರುವುದು ಅದೇ ಕಾರಣಕ್ಕೆ. ಶಾಲೆಗೆ ಹೋಗಿ ಬರುವುದಕ್ಕೆ, ಅಡಿಕೆ ಚೀಲ ಸಾಗಿಸುವುದಕ್ಕೆ ಅದು ಧಾರಾಳವಾಗಿ ಸಾಕು.

ಕಾಸರಗೋಡಿನ ಒಳನಾಡನ್ನು ನೋಡದವರಿಗೆ ಇಲ್ಲಿನ ನೆಲದ ರಚನೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಈ ಕತೆಯಲ್ಲಿ ನೆಲಕ್ಕೂ ಪಾಲಿದೆ. ಮೇಲೆ ಮುರಕಲ್ಲಿನ ಬೋಳು ಪದವು, ಅಂದರೆ ಎತ್ತರದ ಬಯಲು. ಕೆಳಗೆ ತೋಡು ಎಂಬ ಸಣ್ಣ ಹಳ್ಳ, ತೋಡಿನ ಎರಡೂ ಬದಿಗೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ಮನೆ. ಡಾಮರು ರಸ್ತೆ ಹೋಗುವುದು ಪದವಿನ ಮೇಲಿನಿಂದ. ಪೆರ್ಲ, ಬದಿಯಡ್ಕದ ಕಡೆಯ ಯಾವ ತೋಟದ ಮನೆಗೆ ಹೋದರೂ ಕೊನೆಯ ಅರ್ಧ ಕಿಲೋಮೀಟರು ಕಡಿದಾದ ಇಳಿಜಾರು. ಹೊರಡುವಾಗ ಅದೇ ಕಡಿದಾದ ಏರು. ನಮ್ಮ ದಾರಿಯಲ್ಲಿ ಒಂದು ಕಡೆ ಐದು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕು. ಮಳೆಗಾಲದಲ್ಲಿ ಅಲ್ಲಿ ಎಂಜಿನ್ ಕೈಕೊಟ್ಟರೆ ಬ್ರೇಕ್ ಹಿಡಿದರೂ ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ಕಾರು ಹಿಂದಕ್ಕೆ ಜಾರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ಏರಿನ ಮಧ್ಯದಲ್ಲಿ ಎಂಜಿನ್ ತೊದಲತೊಡಗಿದಾಗ ಎದೆ ಹೊಡೆದುಕೊಳ್ಳುವುದು ಹೇಗೆಂದು ಆ ದಾರಿಯಲ್ಲಿ ಓಡಾಡುವವರಿಗೇ ಗೊತ್ತು.

ಡೀಸೆಲ್ ಎಂಜಿನ್ನಿನಲ್ಲಿ ಮಿಸ್ಸಿಂಗ್ ಎಂದರೇನು? ಪೆಟ್ರೋಲ್ ಆದರೆ ಮೊದಲು ಕಿಡಿಯ ಕಡೆ ನೋಡುತ್ತೇವೆ: ಪ್ಲಗ್ಗು, ವಯರು, ಕಾಯಿಲ್. ಡೀಸೆಲಿಗೆ ಕಿಡಿಯೇ ಇಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ತ್ವವೇ ಅದು. ಗಾಳಿಯನ್ನು ಬಲವಾಗಿ ಒತ್ತಿದರೆ ಕಾಯುತ್ತದೆ. ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಕಾರಿನಂಥ ಹಳೆಯ ಎಂಜಿನ್ನುಗಳು ಸಿಲಿಂಡರಿನ ಗಾಳಿಯನ್ನು ಸುಮಾರು 22ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತವೆ. ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಇಂಜೆಕ್ಟರ್ ಬಾಯಿ ತೆರೆದು, ಸಿಲಿಂಡರಿಗೆ ಸೇರಿದ ಪಕ್ಕದ ಪುಟ್ಟ ಕೋಣೆಯೊಳಗೆ ಡೀಸೆಲನ್ನು ಮಂಜಿನಂತೆ ಚಿಮ್ಮಬೇಕು. ಅಂದರೆ ಉರಿಯದ ಸಿಲಿಂಡರಿಗೆ ಕಾರಣ ಮೂರರಲ್ಲಿ ಒಂದು: ಗಾಳಿ ಸಾಕಷ್ಟು ಕಾಯಲಿಲ್ಲ, ಇಲ್ಲವೇ ಡೀಸೆಲ್ ಸರಿಯಾಗಿ ಬರಲಿಲ್ಲ, ಇಲ್ಲವೇ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಹೊತ್ತು ಮತ್ತು ಅಳತೆ ಎಷ್ಟು ಸೂಕ್ಷ್ಮವೆಂದು ಒಮ್ಮೆ ಲೆಕ್ಕ ಹಾಕಿದರೆ ಈ ಯಂತ್ರದ ಮೇಲೆ ಗೌರವ ಹುಟ್ಟುತ್ತದೆ. ಐಡಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 840 ಸುತ್ತು ತಿರುಗುತ್ತದೆ ಎನ್ನೋಣ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಎಂದರೆ ಒಂದು ಸಿಲಿಂಡರು ಸೆಕೆಂಡಿಗೆ 7 ಸಲ, ನಾಲ್ಕೂ ಸೇರಿ 28 ಸಲ. ಸುಮ್ಮನೆ ನಿಂತ ಇಷ್ಟು ಚಿಕ್ಕ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರು ಡೀಸೆಲ್ ಕುಡಿದರೆ, ಪ್ರತಿ ಸಲ ಚಿಮ್ಮುವುದು ಐದು ಘನ ಮಿಲಿಮೀಟರಿನಷ್ಟು ಮಾತ್ರ. ಒಂದು ಹನಿಯ ಸಣ್ಣದೊಂದು ಪಾಲು. ಆ ಪಾಲಿನಲ್ಲಿ ಒಂದಿಷ್ಟು ಗಾಳಿಯ ಗುಳ್ಳೆ ಬೆರೆತರೆ ಆ ಸರದಿಯ ಉರಿ ತಪ್ಪಿತೆಂದೇ ಅರ್ಥ.

ನಮ್ಮ ಕಾರಿನ ದೂರುಗಳು ಎರಡು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷದಷ್ಟು ಹೊತ್ತು ಎಂಜಿನ್ ಗಡಗಡ ನಡುಗುತ್ತಿತ್ತು. ಹಿಂದಿನಿಂದ ಬಿಳಿ ಹೊಗೆ, ಹೊಗೆಯಲ್ಲಿ ಹಸಿ ಡೀಸೆಲಿನ ವಾಸನೆ. ಆಮೇಲೆ ತಾನಾಗಿ ಸರಿಹೋಗುತ್ತಿತ್ತು. ಇನ್ನೊಂದು ಏರಿನ ಮೇಲಿನ ತೊದಲು. ಕಾದ ಎಂಜಿನ್, ಎರಡನೆಯ ಗೇರು, ಎಕ್ಸಲರೇಟರ್ ಪೂರ್ತಿ ಒತ್ತಿದ್ದೇನೆ. ಇದ್ದಕ್ಕಿದ್ದಂತೆ ಎಳೆತ ಕಡಿದು ಹೋಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ನೋಡಿದವರೆಲ್ಲ ಎರಡನ್ನೂ ಸೇರಿಸಿ ‘ಮಿಸ್ಸಿಂಗ್’ ಎಂದರು. ಕಿವಿಗೊಟ್ಟು ಕೇಳಿದರೆ ಎರಡೂ ಬೇರೆ ಬೇರೆ. ಬೆಳಗಿನ ನಡುಕಕ್ಕೆ ಒಂದು ತಾಳವಿತ್ತು, ನಾಲ್ಕರಲ್ಲಿ ಒಂದು ಪೆಟ್ಟು ಪ್ರತಿ ಸಲವೂ ಬಿಟ್ಟುಹೋಗುತ್ತಿತ್ತು. ಏರಿನ ತೊದಲಿಗೆ ತಾಳವೇ ಇರಲಿಲ್ಲ. ತಾಳವಿದ್ದರೆ ಯಾವುದೋ ಒಂದು ನಿರ್ದಿಷ್ಟ ಸಿಲಿಂಡರಿನ ಮೇಲೆ ಸಂಶಯ ಪಡಬೇಕು. ತಾಳವಿಲ್ಲದಿದ್ದರೆ ನಾಲ್ಕೂ ಸಿಲಿಂಡರುಗಳು ಹಂಚಿಕೊಳ್ಳುವ ಯಾವುದೋ ಒಂದರ ಮೇಲೆ. ಈ ಒಂದು ಭೇದವನ್ನು ಮೊದಲೇ ಮಾಡಿಕೊಳ್ಳದೆ ಸ್ಪ್ಯಾನರ್ ಎತ್ತುವವರ ಕೈಗೆ ಕಾರು ಕೊಡಲೇಬಾರದು ಎಂದು ನನ್ನ ಅಭಿಪ್ರಾಯ.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಕೊಟ್ಟ ಸಲಹೆ ಡೀಸೆಲ್ ಪಂಪು ಬಿಚ್ಚಿ ಪೂರ್ತಿ ಕೆಲಸ ಮಾಡಿಸಿ, ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂಬುದು. ಕಾರಿನ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಬೇಸರವಾದದ್ದು ಹಣದ ಮಾತಿಗಲ್ಲ. ಒಂದು ಪ್ರಶ್ನೆಯನ್ನೂ ಕೇಳದೆ ಆ ಮಾತು ಬಂದದ್ದಕ್ಕೆ. ಅಲ್ಲಿ ಓಡಿಸಿ ನೋಡಿದಾಗ ಮಿಸ್ಸಿಂಗ್ ಬರಲೂ ಇಲ್ಲ. ಬರುವುದಾದರೂ ಹೇಗೆ? ಪೇಟೆಯ ರಸ್ತೆ ಸಮತಟ್ಟು. ಅಲ್ಲದೆ ಆ ದಿನ ಟ್ಯಾಂಕು ತುಂಬಿತ್ತು.

ಭಾವನದು ಬೇರೆಯೇ ಒಂದು ಸಿದ್ಧಾಂತ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿತ್ತು. ಗಡಿಯಲ್ಲಿರುವವರಿಗೆ ಗೊತ್ತು, ಕರ್ನಾಟಕದಲ್ಲಿ ಡೀಸೆಲಿಗೆ ಲೀಟರಿಗೆ ಕೆಲವು ರೂಪಾಯಿ ಕಡಿಮೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಜಮೀನು ಒಂದು ರಾಜ್ಯದಲ್ಲಿ, ಅಡಿಕೆ ಪೇಟೆ ಇನ್ನೊಂದು ರಾಜ್ಯದಲ್ಲಿ. ಅಡಿಕೆ ಕೊಡಲು ಅಡ್ಕಸ್ಥಳ, ಸಾರಡ್ಕ ದಾಟಿ ವಿಟ್ಲದ ಮೇಲೆ ಪುತ್ತೂರಿಗೆ ಹೋಗುತ್ತೇವೆ; ಬರುವಾಗ ಗಡಿಯ ಆಚೆಗೇ ಟ್ಯಾಂಕು ಭರ್ತಿ ಮಾಡಿಕೊಂಡು ಬರುತ್ತೇವೆ. ಆಮೇಲೆ ಮುಂದಿನ ಪ್ರಯಾಣದವರೆಗೆ ಅದನ್ನೇ ಓಡಿಸುವುದು. ತೀರ ತಳ ಮುಟ್ಟಿದರೆ ಮಾತ್ರ ಈಚೆ ಬದಿಯಲ್ಲಿ ಐದು ಲೀಟರು ಹತ್ತು ಲೀಟರು ಹಾಕಿಸಿಕೊಳ್ಳುವುದು. ಭಾವ ಗಮನಿಸಿದ್ದು ಇದನ್ನೇ. “ನೋಡು ಭಾವ, ಪುತ್ತೂರಿನಿಂದ ಬಂದ ವಾರ ನಿನ್ನ ಕಾರಿಗೆ ಏನೂ ಆಗುವುದಿಲ್ಲ. ಇಲ್ಲಿಯ ಡೀಸೆಲ್ ಹಾಕಿದ ಕೂಡಲೇ ಮಿಸ್ಸಿಂಗ್ ಶುರು. ಇದು ಡೀಸೆಲಿನದ್ದೇ ದೋಷ.”

ಅವನ ಗಮನಿಕೆ ನೂರಕ್ಕೆ ನೂರು ಸರಿ. ತೀರ್ಮಾನ ಸರಿಯಲ್ಲ. ಎರಡೂ ರಾಜ್ಯಗಳ ಬಂಕುಗಳಲ್ಲಿ ಮಾರುವ ಡೀಸೆಲಿಗೆ ಇರುವುದು ಒಂದೇ ರಾಷ್ಟ್ರೀಯ ಮಾನದಂಡ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಭಾರತ್ ಸ್ಟೇಜ್ 6ರ ಇಂಧನ. ಗಂಧಕದ ಅಂಶ ಹತ್ತು ಲಕ್ಷದಲ್ಲಿ 10 ಪಾಲನ್ನು ಮೀರುವಂತಿಲ್ಲ. ಬೆಲೆಯಲ್ಲಿರುವ ಅಂತರ ರಾಜ್ಯಗಳ ತೆರಿಗೆಯದು. ಆದರೆ ವಾದದಿಂದ ಯಂತ್ರ ರಿಪೇರಿಯಾಗುವುದಿಲ್ಲವಲ್ಲ. ಹಾಗಾಗಿ ಒಂದು ಸಲ ಬೆಲೆ ನೋಡದೆ ಬದಿಯಡ್ಕದ ಕಡೆಗೇ ಟ್ಯಾಂಕು ಪೂರ್ತಿ ತುಂಬಿಸಿದೆ. ಕಾರು ಏರನ್ನು ಒಂದೂ ತಪ್ಪು ಪೆಟ್ಟಿಲ್ಲದೆ ಹತ್ತಿತು, ಮರುದಿನವೂ ಹತ್ತಿತು, ಮುಳ್ಳು ಅರ್ಧಕ್ಕೆ ಬರುವ ತನಕವೂ ಹತ್ತಿತು. ಡೀಸೆಲ್ ಯಾವ ರಾಜ್ಯದ್ದೆಂಬುದು ಕಾರಣವಾಗಿರಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದು ಕಾರಣವಾಗಿತ್ತು. ಬೆಲೆಯ ಆಸೆಯಿಂದಾಗಿ ನಾವು ಗಡಿಯ ಈಚೆ ಎಂದೂ ಟ್ಯಾಂಕು ತುಂಬಿಸದ್ದರಿಂದ ಎರಡೂ ಒಂದಕ್ಕೊಂದು ಅಂಟಿಕೊಂಡು ಕಾಣಿಸುತ್ತಿದ್ದವು.

ಅಷ್ಟು ಹೊತ್ತಿಗೆ ಒಂದು ಹಳೆಯ ಪಟ್ಟಿ ಪುಸ್ತಕವನ್ನು ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಇಟ್ಟುಕೊಂಡಿದ್ದೆ. ಮುಳ್ಳು ಎಲ್ಲಿದೆ, ಏರೋ ಸಮತಟ್ಟೋ, ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ಮಳೆಯಿತ್ತೋ, ಎಷ್ಟು ಜನ ಕೂತಿದ್ದರು, ಇಷ್ಟನ್ನು ಬರೆಯುವುದು. ಮಿಸ್ಸಿಂಗ್ ಬಂದ ದಿನ ಬರೆಯುವುದು ಸುಲಭ, ತಾನಾಗಿ ನೆನಪಾಗುತ್ತದೆ. ಬಾರದ ದಿನವೂ ಬರೆಯಬೇಕು. ಬೆಲೆಬಾಳುವ ಸಾಲುಗಳು ಅವೇ. ಆ ಸಾಲುಗಳ ಮುಂದೆ ಸಂಶಯಿತರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದರೆ ಹೆಚ್ಚಿನವರು ತಾವಾಗಿಯೇ ಬಿಡುಗಡೆಯಾಗುತ್ತಾರೆ. ಫಿಲ್ಟರು ಕಟ್ಟಿಕೊಂಡಿದ್ದರೆ ಟ್ಯಾಂಕು ತುಂಬಿದ್ದಾಗಲೂ ಏರಿನಲ್ಲಿ ಎಳೆತ ಕಡಿಮೆಯಾಗಬೇಕಿತ್ತು. ಡೀಸೆಲಿನಲ್ಲಿ ನೀರು ಸೇರಿದ್ದರೆ ಸಮತಟ್ಟಿನಲ್ಲೂ ತೊದಲಬೇಕಿತ್ತು. ಆದರೂ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟು ನೋಡಿದೆ, ನೀರಿನ ಪದರ ಇರಲಿಲ್ಲ. ಪಂಪಿನ ಮೇಲೆ ಡೀಸೆಲ್ ಬಿಡುವ, ತಡೆಯುವ ಸೊಲೆನಾಯ್ಡ್ ಒಂದಿದೆ. ಅದರ ವಯರು ಸಡಿಲವಾಗಿದ್ದರೆ ಹೊಂಡಗಳ ಮೇಲೆ ಇಳಿಯುವಾಗಲೂ ಎಂಜಿನ್ ಮಿಡುಕಬೇಕಿತ್ತು. ಟ್ಯಾಂಕಿನ ಗಾಳಿಕಂಡಿ ಮುಚ್ಚಿದ್ದರೆ ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ಎಳೆಯಬೇಕಿತ್ತು. ಅದೂ ಇಲ್ಲ.

ಪುಸ್ತಕ ತೆಗೆದುಕೊಂಡು ಮೆಕ್ಯಾನಿಕ್ ಇಚ್ಚನ ಬಳಿಗೆ ಹೋದೆ. ಊರಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಮನೆಮಾತು ಮಲಯಾಳ, ನನ್ನೊಡನೆ ಕನ್ನಡ, ಕೆಲಸದ ಹುಡುಗನೊಡನೆ ತುಳು. ಚಿಕ್ಕಂದಿನಲ್ಲಿ ತೋಟದ ಡೀಸೆಲ್ ಪಂಪುಸೆಟ್ಟುಗಳ ರಿಪೇರಿಯಿಂದ ಕೆಲಸ ಕಲಿತು, ಆಮೇಲೆ ಲಾರಿ, ಜೀಪು, ಕೊನೆಗೆ ಕಾರಿಗೆ ಬಂದವರು. ನಾನು ಪುಸ್ತಕ ಬಿಡಿಸುವ ಮೊದಲೇ ಅವರು ಕೇಳಿದ್ದು ಇಷ್ಟು: “ಮಾಷೇ, ರಾತ್ರಿ ಕಾರಿನ ಮುಖ ಎತ್ತ ಇರುತ್ತದೆ?”

ನಮ್ಮ ಅಂಗಳಕ್ಕೆ ಇಳಿಯುವ ದಾರಿಯಲ್ಲೇ ಕಾರು ನಿಲ್ಲಿಸುವುದು. ಬೆಳಗ್ಗೆ ಹೊರಡಲು ಸುಲಭವಾಗಲಿ ಎಂದು ಮೂತಿ ಮೇಲಕ್ಕೆ ಮಾಡಿಯೇ ಇಡುತ್ತೇನೆ. ಹಾಗೆಂದೆ. “ಇವತ್ತು ಕೆಳಮುಖ ಮಾಡಿ ಇಡಿ. ನಾಳೆ ಸ್ಟಾರ್ಟಿಂಗ್ ಹೇಗಿದೆ ನೋಡಿ ಹೇಳಿ” ಎಂದು ತಮ್ಮ ಕೆಲಸಕ್ಕೆ ಹೋದರು. ಮರುದಿನ ಬೆಳಗ್ಗೆ ನಡುಕ, ಬಿಳಿ ಹೊಗೆ ಎಂದಿನಂತೆ ಇದ್ದವು. ಆದರೆ ಎಂಜಿನ್ ಕೀಲಿ ತಿರುಗಿಸಿದ ಕೂಡಲೇ ಹಿಡಿದಿತ್ತು. ಮುಂಚೆ ಸ್ಟಾರ್ಟರ್ ಸುಮಾರು ಹೊತ್ತು ತಿರುಗಿದ ಮೇಲೆಯೇ ಹಿಡಿಯುತ್ತಿತ್ತು. ಬ್ಯಾಟರಿ ಹಳತೆಂದು ಮನೆಯಲ್ಲಿ ಎಲ್ಲರೂ ಅದಕ್ಕೆ ಒಗ್ಗಿಕೊಂಡಿದ್ದರು. ನನ್ನ ಪುಸ್ತಕದಲ್ಲಿ ಎಲ್ಲವೂ ಇತ್ತು, ನಿಲ್ಲಿಸಿದ ದಿಕ್ಕೊಂದು ಇರಲಿಲ್ಲ.

“ಗಾಳಿ ಎಳೆಯುತ್ತಿದೆ ಮಾಷೇ. ಫುಟ್‌ವಾಲ್ವು ಸರಿ ಇಲ್ಲದ ಪಂಪಿನ ಹಾಗೆ.”

ಅಡಿಕೆ ತೋಟ ಇರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕೆರೆಯ ದಂಡೆಯ ಮೇಲಿನ ಪಂಪು ನೀರನ್ನು ಮೇಲಕ್ಕೆ ತಳ್ಳುವ ಕೊಳವೆ ಬಿರಿದರೆ ನೀರು ಚಿಮ್ಮಿ ಎಲ್ಲರಿಗೂ ಕಾಣುತ್ತದೆ. ಕೆರೆಯಿಂದ ಎಳೆಯುವ ಬದಿಯ ಕೊಳವೆಯಲ್ಲಿ ಕೂದಲಿನಷ್ಟು ಬಿರುಕಿದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಕೆರೆ ತುಂಬಿದ್ದಾಗ ಪಂಪು ಚೆನ್ನಾಗಿಯೇ ಓಡುತ್ತದೆ. ಮಾರ್ಚ್ ಏಪ್ರಿಲಿನಲ್ಲಿ ನೀರು ಕೆಳಗಿಳಿದಂತೆ ಎಳೆಯಬೇಕಾದ ಎತ್ತರ ಹೆಚ್ಚಿ, ಅದೇ ಬಿರುಕು ಗುಳುಗುಳು ಗಾಳಿ ನುಂಗತೊಡಗುತ್ತದೆ. ಕೊಳವೆಯ ಬುಡದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವು ಹಿಡಿದುಕೊಳ್ಳದಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಕೊಳವೆಯ ನೀರೆಲ್ಲ ಹಿಂದಕ್ಕೆ ಇಳಿದಿರುತ್ತದೆ. ಬೆಳಗ್ಗೆ ಮತ್ತೆ ನೀರು ತುಂಬಿಸಿ ಗಾಳಿ ತೆಗೆಯಬೇಕು. ನಮ್ಮ ಕಾರಿನ ಟ್ಯಾಂಕು ಹಿಂದಿನ ಸೀಟಿನ ಕೆಳಗೆ, ಪಂಪು ಬಾನೆಟ್ಟಿನೊಳಗೆ. ನಡುವೆ ಎರಡು ಮೀಟರಿನಷ್ಟು ದೂರ. ಐದಕ್ಕೆ ಒಂದರ ಏರಿನಲ್ಲಿ ಆ ಎರಡು ಮೀಟರಿಗೆ ಟ್ಯಾಂಕು ಸಮತಟ್ಟಿನಲ್ಲಿರುವುದಕ್ಕಿಂತ 40 ಸೆಂಟಿಮೀಟರು ಕೆಳಗೆ ಹೋಗುತ್ತದೆ. ಡೀಸೆಲ್ ಅರ್ಧಕ್ಕೆ ಇಳಿದಿದ್ದರೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಎರಡನೆಯ ಗೇರಿನಲ್ಲಿ ಎಂಜಿನ್ ಕೂಗುತ್ತಿರುವಾಗ ಪಂಪು ಎಳೆಯುವ ಬಲವೂ ಹೆಚ್ಚು. ಮೂರೂ ಕೂಡಿದಾಗಲೇ ಗಾಳಿ ಒಳಗೆ ನುಗ್ಗುತ್ತಿತ್ತು. ಒಂದು ತಪ್ಪಿದರೂ ಏನೂ ಆಗುತ್ತಿರಲಿಲ್ಲ.

ಗಾಳಿ ಬಂದರೇನು ಎಂದು ಕೇಳಬಹುದು. ಈ ಕಾರಿನಲ್ಲಿರುವುದು ರೋಟರಿ ಪಂಪು. ಒಂದೇ ಪ್ಲಂಜರು, ಅಂದರೆ ಡೀಸೆಲನ್ನು ಒತ್ತುವ ದಂಡ, ನಾಲ್ಕು ಸಿಲಿಂಡರಿಗೂ ಸರದಿಯ ಮೇಲೆ ಡೀಸೆಲ್ ಹಂಚುತ್ತದೆ. ಇಂಜೆಕ್ಟರಿನ ಬಾಯಿ ತೆರೆಯಬೇಕಾದರೆ ಕೊಳವೆಯಲ್ಲಿ ನೂರಕ್ಕೂ ಹೆಚ್ಚು ಬಾರ್ ಒತ್ತಡ ಹುಟ್ಟಬೇಕು. ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದು ತೀರ ಅಲ್ಪ, ಆದ್ದರಿಂದ ಒತ್ತಡ ಕೂಡಲೇ ಏರುತ್ತದೆ. ಗುಳ್ಳೆ ಸಿಕ್ಕಿಕೊಂಡರೆ ಪ್ಲಂಜರಿನ ಶ್ರಮವೆಲ್ಲ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ, ಇಂಜೆಕ್ಟರು ತೆರೆಯುವುದೇ ಇಲ್ಲ. ಗುಳ್ಳೆ ಯಾವ ಸಿಲಿಂಡರಿನ ಸರದಿಗೆ ಬಂತೋ ಆ ಸಿಲಿಂಡರಿನ ಉರಿ ತಪ್ಪುತ್ತದೆ. ತೊದಲಿಗೆ ತಾಳವಿಲ್ಲದ್ದು ಅದಕ್ಕೇ. ಇನ್ನೂ ಒಂದು ವಿಚಾರವಿದೆ. ಇಂಥ ಪಂಪಿಗೆ ಬೇಕಾದದ್ದಕ್ಕಿಂತ ಹೆಚ್ಚು ಡೀಸೆಲ್ ಬಂದು, ಉಳಿದದ್ದು ಟ್ಯಾಂಕಿಗೆ ಹಿಂತಿರುಗುತ್ತದೆ. ಅಲ್ಪಸ್ವಲ್ಪ ಗಾಳಿ ಬಂದರೆ ಹಿಂತಿರುಗುವ ಡೀಸೆಲಿನ ಜೊತೆ ಅದೂ ಹೊರಟುಹೋಗುತ್ತದೆ. ಸಣ್ಣ ಬಿರುಕು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದು ಈ ಗುಣದಿಂದಾಗಿ.

ಮುಂದಿನ ಭಾನುವಾರ ಇಚ್ಚ ಮನೆಗೇ ಬಂದರು. ಪಂಪಿಗೆ ಡೀಸೆಲ್ ಬರುವ ರಬ್ಬರ್ ಹೋಸನ್ನು ಬಿಚ್ಚಿ ಆ ಜಾಗಕ್ಕೆ ಗೇಣುದ್ದದ ಪಾರದರ್ಶಕ ಕೊಳವೆಯ ತುಂಡೊಂದನ್ನು ಹಾಕಿ ಎರಡೂ ಬದಿಗೆ ಕ್ಲ್ಯಾಂಪು ಬಿಗಿದರು. ಕೈಪಂಪು ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿದೆವು. ಕೊಳವೆಯೊಳಗೆ ತಿಳಿಹಳದಿ ಡೀಸೆಲ್ ತುಂಬಿ ನಿಂತಿತ್ತು. ಹರಿಯುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ತಿಳಿ. ಐಡಲಿಂಗಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಇಚ್ಚ ಎಕ್ಸಲರೇಟರಿನ ತಂತಿಯನ್ನು ಕೈಯಲ್ಲೇ ಎಳೆದು ಹಿಡಿದರು. ಕ್ಷಣ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಾಸಿವೆಯಷ್ಟು ಚಿಕ್ಕ ಗುಳ್ಳೆ ಒಂದು ಕೊಳವೆಯ ಮೇಲ್ಮೈಗೆ ಅಂಟಿಕೊಂಡಂತೆ ಜಾರಿ ಹೋಯಿತು. ಅದರ ಹಿಂದೆ ಇನ್ನೆರಡು. ಮತ್ತೆ ಸಾಲುಸಾಲಾಗಿ, ಕೆಲವು ಒಂದಕ್ಕೊಂದು ಕೂಡಿ ಉದ್ದವಾಗಿ. ಉದ್ದನೆಯದೊಂದು ಪಂಪಿನೊಳಗೆ ಹೋದ ಮರುಕ್ಷಣವೇ ಎಂಜಿನ್ ಒಂದು ಪೆಟ್ಟು ತಪ್ಪಿತು. ಅಷ್ಟು ದಿನ ಕಿವಿಯಿಂದ ಕೇಳುತ್ತಿದ್ದದ್ದನ್ನು ಕಣ್ಣಾರೆ ಕಂಡೆ.

ಗಾಳಿ ಬರುತ್ತಿದೆ ಸರಿ, ಎಲ್ಲಿಂದ? ದಾರಿಯನ್ನು ಅರ್ಧಕ್ಕೆ ಕಡಿದು ನೋಡುವುದೇ ಇದಕ್ಕೆ ಉಪಾಯ. ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿಸಿ ಎಂಜಿನ್ನಿನಿಂದ ಮೇಲಿರುವಂತೆ, ಬಿಸಿ ಭಾಗಗಳಿಂದ ದೂರ ಕಟ್ಟಿ, ಅದರ ಕೊಳವೆಯನ್ನು ಫಿಲ್ಟರಿಗೆ ಬರುವ ಬಾಯಿಗೆ ಸಿಕ್ಕಿಸಿದರು. ಎಷ್ಟು ಎಕ್ಸಲರೇಟರ್ ಕೊಟ್ಟರೂ ಗುಳ್ಳೆ ಬರಲಿಲ್ಲ. ಆದರೆ ಕ್ಯಾನು ಮೇಲಿದ್ದಾಗ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ಎಳೆಯಬೇಕಾಗಿಲ್ಲ. ಫಿಲ್ಟರಿನಲ್ಲಿ ಬಿರುಕಿದ್ದರೂ ಆಗ ತೋರುವುದಿಲ್ಲ. ಆದ್ದರಿಂದ ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಟ್ಟು ಮತ್ತೆ ನೋಡಿದರು. ಆಗಲೂ ಗುಳ್ಳೆ ಇಲ್ಲ. ಪಂಪು, ಫಿಲ್ಟರು ಎರಡೂ ನಿರ್ದೋಷಿಗಳು. ಕ್ಯಾನನ್ನು ನೆಲಕ್ಕಿಳಿಸುವ ಆ ಒಂದು ಹೆಜ್ಜೆಯಲ್ಲಿ ಇಚ್ಚನ ಅನುಭವವೆಲ್ಲ ಇದೆ ಎಂದು ನನಗೆ ಅನ್ನಿಸಿತು.

ಉಳಿದದ್ದು ಕಾರಿನ ಹೊಟ್ಟೆಯಡಿಯ ಕೊಳವೆ. ಟ್ಯಾಂಕಿನಿಂದ ಹೊರಟ ರಬ್ಬರ್ ಹೋಸು ಉಕ್ಕಿನ ಕೊಳವೆಗೆ ಸೇರುವಲ್ಲಿ ಒಂದು ಕ್ಲ್ಯಾಂಪಿದೆ. ಹಿಂಚಕ್ರ ಎರಚುವ ಕೆಂಪು ಕೆಸರು ಅಲ್ಲೇ ಕೂತು, ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ. ಕೆಸರು ಕೆರೆದು ತೆಗೆದಾಗ ಹೋಸು ಹೊರನೋಟಕ್ಕೆ ಚೆನ್ನಾಗಿಯೇ ಇತ್ತು. ಇಚ್ಚ ಅದನ್ನು ಕ್ಲ್ಯಾಂಪಿನ ಬುಡದಲ್ಲಿ ಹೆಬ್ಬೆರಳಿನಿಂದ ಬಾಗಿಸಿದರು. ನೂಲಿನ ಹೊದಿಕೆಯ ಎಳೆಗಳ ನಡುವೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಬೆರಳು ತೆಗೆದ ಕೂಡಲೇ ಮುಚ್ಚಿಕೊಂಡವು. ರಬ್ಬರು ಒಣಗಿ ಗಟ್ಟಿಯಾಗಿತ್ತು, ಉಕ್ಕಿನ ಕೊಳವೆಯ ಬಾಯಿಯೂ ತುಕ್ಕು ಹಿಡಿದು ಒರಟಾಗಿತ್ತು. ಇಪ್ಪತ್ತು ವರ್ಷದ ರಬ್ಬರಿನಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಹಳೆಯ ಡೀಸೆಲ್ ಗಾಡಿ ಇರುವವರೆಲ್ಲ ಇಂಧನದ ದಾರಿಯ ರಬ್ಬರನ್ನು, ಇಂಜೆಕ್ಟರುಗಳ ತಲೆಯ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುವ ಸಣ್ಣ ಓವರ್‌ಫ್ಲೋ ಪೈಪುಗಳನ್ನೂ ಸೇರಿಸಿ, ವರ್ಷಕ್ಕೊಮ್ಮೆ ಹೀಗೆ ಬಾಗಿಸಿ ನೋಡಬೇಕು. ಬರೀ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಡೀಸೆಲಿಗೆಂದೇ ಮಾಡಿದ ಹೊಸ ಹೋಸು ಹಾಕಿ, ಕೊಳವೆಯ ಬಾಯಿ ಉಜ್ಜಿ ನಯ ಮಾಡಿ, ಕ್ಲ್ಯಾಂಪು ಬದಲಿಸಿದೆವು. ಸಾಮಾನಿಗೆ ನಾನೂರು ರೂಪಾಯಿ ದಾಟಲಿಲ್ಲ. ಅದೇ ವಾರ ಮುಳ್ಳು ಕಾಲು ಭಾಗಕ್ಕೆ ಇಳಿದಿದ್ದಾಗ ಅಡಿಕೆ ಚೀಲ ಹೇರಿಕೊಂಡು ಏರು ಹತ್ತಿಸಿದೆ. ಎಂಜಿನ್ ಒಂದೇ ಸ್ವರದಲ್ಲಿ ಪದವಿನ ತನಕ ಎಳೆಯಿತು.

ಬೆಳಗಿನ ನಡುಕ ಮಾತ್ರ ಉಳಿದೇ ಇತ್ತು. ಅದು ಬೇರೆ ಕಾಯಿಲೆ ಎಂದು ತಾಳವೇ ಹೇಳಿತ್ತಲ್ಲ. ಯಾವ ಸಿಲಿಂಡರು ಎಂದು ತಿಳಿಯಲು ಒಂದು ಹಳೆಯ ವಿಧಾನವಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಹೊಗೆ ಹೋಗುವ ಮ್ಯಾನಿಫೋಲ್ಡಿನ ನಾಲ್ಕು ಕವಲುಗಳ ಮೇಲೂ ಕೂಡಲೇ ಬೆರಳಿನಿಂದ ನೀರು ಚಿಮುಕಿಸುವುದು. ಉರಿಯುತ್ತಿರುವ ಸಿಲಿಂಡರಿನ ಕವಲು ಬೇಗ ಬಿಸಿಯಾಗಿ ನೀರು ಆರುತ್ತದೆ. ಮೂರನೆಯ ಕವಲಿನ ಮೇಲೆ ಹನಿಗಳು ಹಾಗೇ ನಿಂತವು. ಆ ಸಿಲಿಂಡರಿನ ಹೀಟರ್ ಪ್ಲಗ್ಗಿನ, ಅಂದರೆ ಸ್ಟಾರ್ಟ್ ಮಾಡುವಾಗ ಒಳಗೆ ಬಿಸಿ ಕೊಡುವ ಪ್ಲಗ್ಗಿನ, ವಯರು ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಒಳ್ಳೆಯ ಹೀಟರ್ ಪ್ಲಗ್ಗಿನಲ್ಲಿ ಒಂದು ಓಮ್ ಆಸುಪಾಸಿನ ತಡೆ ಕಾಣಬೇಕು. ಉಳಿದ ಮೂರರಲ್ಲಿ ಹಾಗೆಯೇ ಇತ್ತು. ಇದರಲ್ಲಿ ಸಂಪರ್ಕವೇ ಇಲ್ಲ, ಒಳಗಿನ ಸುರುಳಿ ಸುಟ್ಟುಹೋಗಿತ್ತು. ನಮ್ಮಲ್ಲಿ ಚಳಿಯೇ ಇಲ್ಲವಲ್ಲ, ಹೀಟರ್ ಏಕೆ ಎಂದು ಕೇಳುವವರಿದ್ದಾರೆ. ಪಕ್ಕದ ಕೋಣೆಯಲ್ಲಿ ಉರಿಯುವ ಈ ಮಾದರಿಯ ಎಂಜಿನ್ನಿನಲ್ಲಿ ಗಾಳಿಯ ಬಿಸಿಯನ್ನು ಆ ಕೋಣೆಯ ತಣ್ಣನೆಯ ಗೋಡೆಗಳು ಹೀರಿಕೊಂಡುಬಿಡುತ್ತವೆ. ಬೆಚ್ಚಗಿನ ಊರಿನಲ್ಲೂ ಮೊದಲ ಕೆಲವು ಉರಿಗಳಿಗೆ ಹೀಟರ್ ಆಸರೆ ಬೇಕು.

ಇಂಜೆಕ್ಟರಿನ ಮೇಲೂ ಒಂದು ಸಂಶಯ ಉಳಿಯಬಾರದೆಂದು ಮೂರನೆಯದನ್ನು ಬಿಚ್ಚಿ ಪಂಪು ರಿಪೇರಿಯ ಅಂಗಡಿಗೆ ಒಯ್ದೆ. ಕೈಯಿಂದ ಒತ್ತುವ ಟೆಸ್ಟರಿಗೆ ಹಾಕಿದಾಗ ಕರ್ರೆಂದು ಸದ್ದು ಮಾಡುತ್ತಾ ಸಣ್ಣನೆಯ ಮಂಜು ಬಂತು, ತುದಿಯಲ್ಲಿ ಹನಿ ತೂಗಲಿಲ್ಲ. ನಿರ್ದೋಷಿ. ಬದಲಿಸಿ ಎಂದಿದ್ದ ನಾಲ್ಕರಲ್ಲಿ ಒಂದು ಇದು! ಅದರ ಮೇಲಿನ ಮಸಿ ಒರೆಸಿದಾಗ ‘ಮೈಕೋ’ ಎಂಬ ಗುರುತು ಕಾಣಿಸಿತು. 1951ರಲ್ಲಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಕಾರ್ಖಾನೆಯ ಹೆಸರು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದಾದರೂ ನಮ್ಮ ಕಡೆಯ ಮೆಕ್ಯಾನಿಕರ ಬಾಯಲ್ಲಿ ಇಂದಿಗೂ ಮೈಕೋ ನಾಝಲ್, ಮೈಕೋ ಪಂಪು. ಹೊಸ ಉಷ್ಣನಿರೋಧಕ ವಾಷರ್ ಇಟ್ಟು ಅದನ್ನೇ ಮತ್ತೆ ಕೂರಿಸಿದೆ. ಹಳೆಯ ವಾಷರನ್ನು ಎರಡನೆಯ ಸಲ ಹಾಕಿದರೆ ಅದರ ಸಂದಿಯಿಂದ ಕಂಪ್ರೆಷನ್ ಸೋರುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟ ಸಿಲಿಂಡರು ಎಂದು ಗುರುತಿಸುವ ಪದ್ಧತಿ ನಮ್ಮ ಷೆಡ್ಡುಗಳಲ್ಲಿ ಇದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ತಿಳಿದವರು ಕನ್ನಡಕ ಹಾಕಿ, ಕೈ ದೂರವಿಟ್ಟು ಮಾಡುತ್ತಾರೆ. ಈಗಿನ ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಹಾಗೆ ಎಂದಿಗೂ ಮಾಡಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಬೆರಳು ಕೈ ಕಳೆದುಕೊಳ್ಳುವ ಅಪಾಯವಿದೆ.

ಹೀಟರ್ ಪ್ಲಗ್ ಬದಲಿಸಿದ ಮೇಲೆ ಬೆಳಗಿನ ಹೊಗೆ ನಿಂತಿದೆ. ಭಾವ ಈಗಲೂ ಗಡಿಯಾಚೆಯ ಡೀಸೆಲನ್ನೇ ಹೊಗಳುತ್ತಾನೆ. ಬೆಲೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಪಾರದರ್ಶಕ ಕೊಳವೆಯ ತುಂಡನ್ನು ಇಚ್ಚ ನನಗೇ ಕೊಟ್ಟಿದ್ದಾರೆ. ಇನ್ನು ಬಾಕಿ ಇರುವುದು ಟೈಮಿಂಗ್ ಬೆಲ್ಟ್. ಅದು ಮುನ್ಸೂಚನೆ ಕೊಟ್ಟು ಕೆಡುವ ಜಾತಿಯದಲ್ಲ. ಹರಿದರೆ ಅದೇ ಕ್ಷಣ ವಾಲ್ವುಗಳು ಪಿಸ್ಟನ್ನಿಗೆ ತಾಗಿ ಎಂಜಿನ್ ಹಾಳಾಗುತ್ತದೆ. ಅದಕ್ಕೆ ಪಟ್ಟಿ ಪುಸ್ತಕ ಇಟ್ಟುಕೊಂಡು ಕಾಯುವಂತಿಲ್ಲ, ಕಿಲೋಮೀಟರಿನ ಲೆಕ್ಕ ಹಿಡಿದು ಬದಲಿಸುವುದೊಂದೇ ದಾರಿ. ಮುಂದಿನ ಸಲ ಅಡಿಕೆ ಕೊಟ್ಟ ಕೂಡಲೇ ಕಾರನ್ನು ಎರಡು ದಿನ ಇಚ್ಚನ ಷೆಡ್ಡಿನಲ್ಲಿ ಬಿಡುವುದೆಂದು ಮಾತಾಗಿದೆ.